ಮಾತಿಗೆ ನೂರು ರೂಪಾಯಿ

ಆ ನೇಕಾರ ನನ್ನ ಕ್ಲಿನಿಕ್ಕಿಗೆ ಎರಡನೇ ಸಲ ಬಂದಿದ್ದನೋ ಇಲ್ಲವೋ, ನನಗೆ ಗೊತ್ತಿಲ್ಲ. ಬರಲಿಲ್ಲ ಎಂದೇ ಮೂರು ವರ್ಷ ಎಲ್ಲರಿಗೂ ಹೇಳಿಕೊಂಡು ಬಂದೆ. ಚಳ್ಳಕೆರೆಯ ಡಾಕ್ಟರುಗಳು ಊಟಕ್ಕೆ ಸೇರಿದಾಗ ಹೇಳಿದೆ, ಔಷಧ ಕಂಪನಿಯ ರೆಪ್‌ಗಳಿಗೆ ಹೇಳಿದೆ, ಟೀಚರಾಗಿರುವ ಹೆಂಡತಿಗೆ ಅವಳು ಬೇಸರಪಡುವಷ್ಟು ಸಲ ಹೇಳಿದೆ. ಹೇಳುತ್ತ ಹೇಳುತ್ತ ಕಥೆ ನುಣುಪಾಯಿತು. ಮೊದಲು ಹೇಳುವಾಗ ಆತ ನೂರರ ನೋಟನ್ನು ಮೇಜಿನ ಮೇಲೆ ಇಟ್ಟು ಹೋಗುತ್ತಿದ್ದ. ಎರಡನೇ ವರ್ಷದ ಹೊತ್ತಿಗೆ ಎಸೆದು ಹೋಗತೊಡಗಿದ. ಎಸೆದದ್ದನ್ನು ನಾನು ಕಣ್ಣಾರೆ ಕಂಡೆನೋ, ಕೇಳಿದವರು ನಗಲಿ ಎಂದು ಸೇರಿಸಿದೆನೋ, ಈಗ ಬಿಡಿಸಿ ಹೇಳಲಾರೆ. ಮೆಡಿಕಲ್ ಕಾಲೇಜಿನಲ್ಲಿ ನಾನು ಕಲಿತದ್ದೆಲ್ಲ ಪುರಾವೆ ಕೇಳುವ ವಿದ್ಯೆ. ಬೇರೆಯವರ ಮಾತಿಗೆ ಪುರಾವೆ ಕೇಳುವುದು ನನಗೆ ಚೆನ್ನಾಗಿ ಬರುತ್ತಿತ್ತು.

ಅನುಮಾನವಿಲ್ಲದ ಸಂಗತಿ ಒಂದಿದೆ. ಆತನ ಬಲಗಾಲು ಮೊಣಕಾಲಿನಿಂದ ಕೆಳಗೆ ಈಗ ಇಲ್ಲ.

ಕೊರೋನಾ ತಣ್ಣಗಾದ ಮೇಲೆ ನಾನು ಚಳ್ಳಕೆರೆಯ ಕೆಲಸ ಬಿಟ್ಟೆ. ಎಣ್ಣೆ ಮಿಲ್ಲಿನ ಸಾಹುಕಾರರೊಬ್ಬರು ನಡೆಸುತ್ತಿದ್ದ ನರ್ಸಿಂಗ್ ಹೋಮಿನಲ್ಲಿ ನಾನು ಸಂಬಳದ ಡಾಕ್ಟರು. ಸಂಬಳ ನಲವತ್ತೈದು ಸಾವಿರ. ತಿಂಗಳ ಕೊನೆಗೆ ಸಾಹುಕಾರರು ಎದುರು ಕೂರಿಸಿಕೊಂಡು ಎಷ್ಟು ಡ್ರಿಪ್ ಹಾಕಿದಿರಿ, ಎಷ್ಟು ರಕ್ತ ಪರೀಕ್ಷೆ ಬರೆದಿರಿ ಎಂದು ಶೇಂಗಾ ಮೂಟೆಯ ಲೆಕ್ಕ ಕೇಳಿದ ಹಾಗೆ ಕೇಳುತ್ತಿದ್ದರು. ಜೋರು ಮಾಡುವ ಮನುಷ್ಯರಲ್ಲ. ಕಾಫಿ ತರಿಸಿ ಕೇಳುತ್ತಿದ್ದರು. ಒಂದು ತಿಂಗಳು ಅವರು ಹೇಳಿದ್ದನ್ನು ಮಾತ್ರ ಮರೆತಿಲ್ಲ: "ನೀವು ಒಳ್ಳೇರು ಡಾಕ್ಟ್ರೇ, ಆದ್ರೆ ನಿಮ್ಮ ಪೇಷಂಟುಗಳು ಭಾಳ ಬೇಗ ವಾಸಿಯಾಗ್ತಾರೆ." ಹೊಗಳಿಕೆ ಎಂದುಕೊಂಡು ಮನೆಗೆ ಬಂದೆ. ಅರ್ಥವಾದ ಮೇಲೆ ರಾಜೀನಾಮೆ ಕೊಟ್ಟೆ.

ಮೊಳಕಾಲ್ಮೂರಿನಲ್ಲಿ ಮೂವತ್ತು ವರ್ಷ ಕ್ಲಿನಿಕ್ ನಡೆಸಿದ್ದ ಹಿರಿಯ ಡಾಕ್ಟರೊಬ್ಬರು ಕಣ್ಣು ಮಂದವಾಗಿ ಬಾಗಿಲು ಹಾಕುವವರಿದ್ದರು. ಅವರ ಜಾಗಕ್ಕೆ ಹೋದೆ. ಒಂದು ಮೇಜು, ಒಂದು ಮಂಚ, ಬಿಪಿ ನೋಡುವ ಯಂತ್ರ, ಇವುಗಳ ಜೊತೆಗೆ ಅವರ ಕೈಕೆಳಗೆ ಕೆಲಸಕ್ಕಿದ್ದ ಅಕ್ಕನೂ ಬಂದಳು. ಚೀಟಿ ಕೊಡುವುದು, ಗಾಯ ತೊಳೆಯುವುದು, ಕಸ ಗುಡಿಸುವುದು, ಹೊರಗೆ ಕೂತವರ ಜಗಳ ಬಿಡಿಸುವುದು ಎಲ್ಲವೂ ಅವಳದೇ. ಐವತ್ತು ದಾಟಿದ ಹೆಂಗಸು. ಊರೆಲ್ಲ ಅಕ್ಕ ಎನ್ನುತ್ತಿತ್ತು, ನಾನೂ ಹಾಗೇ ಕರೆದೆ. ಕನ್ನಡದಲ್ಲಿ ಬಂದವರಿಗೆ ಕನ್ನಡ, ತೆಲುಗಿನಲ್ಲಿ ಬಂದವರಿಗೆ ತೆಲುಗು. ನನಗೆ ತೆಲುಗು ಬಾರದು ಎಂದು ಗೊತ್ತಾದ ಮೇಲೆ ನನ್ನ ಬಗ್ಗೆ ಏನಾದರೂ ಹೇಳುವುದಿದ್ದರೆ ಎಲ್ಲರೂ ತೆಲುಗಿನಲ್ಲೇ ಹೇಳುತ್ತಿದ್ದರು.

ಹಿರಿಯ ಡಾಕ್ಟರ ಫೀಸು ಐವತ್ತು ರೂಪಾಯಿ. ಅದರಲ್ಲಿ ಒಂದು ಸೂಜಿ, ಕಾಗದದ ಪೊಟ್ಟಣದಲ್ಲಿ ಮೂರು ದಿನದ ಮಾತ್ರೆ ಎಲ್ಲವೂ ಸೇರಿತ್ತು. ಸೂಜಿ ಅಂದರೆ ಹೆಚ್ಚಾಗಿ ಬಿ ವಿಟಮಿನ್ನು. ಸಗಟಿನಲ್ಲಿ ತಂದರೆ ಅವರಿಗೆ ಕೆಲವೇ ರೂಪಾಯಿ ಬೀಳುತ್ತಿತ್ತು. ಮಿಕ್ಕದ್ದು ಅವರ ಮೂವತ್ತು ವರ್ಷದ ಅನುಭವಕ್ಕೆ. ಬೇಡದ ಸೂಜಿ ಹಾಕುವುದಿಲ್ಲ, ರೋಗಿಯನ್ನು ಸರಿಯಾಗಿ ನೋಡಿ, ತಿಳಿಸಿ ಹೇಳಿ, ಅದಕ್ಕೇ ನೂರು ತೆಗೆದುಕೊಳ್ಳುತ್ತೇನೆ ಎಂದು ನಾನು ಹೇಳಿದಾಗ ಅವರು ಕನ್ನಡಕ ತೆಗೆದು ಒರೆಸಿಕೊಂಡರು.

"ಸೂಜಿ ಅಂದ್ರೆ ರಶೀದಿ ಇದ್ದಂಗೆ ಕಣಪ್ಪಾ. ಕೊಟ್ಟ ದುಡ್ಡಿಗೆ ಏನೋ ಬಂತು ಅಂತ ಅವರ ಮೈಗೆ ಗೊತ್ತಾಗಬೇಕು. ಬರೀ ಮಾತು ಬಸ್ ಸ್ಟ್ಯಾಂಡಲ್ಲೂ ಪುಕ್ಕಟೆ ಸಿಗ್ತೈತೆ."

ಅವರ ಎದುರಿಗೆ ನಕ್ಕೆ. ಬೆನ್ನ ಹಿಂದೆ ಸಿಟ್ಟಾದೆ. ಆರು ತಿಂಗಳಲ್ಲಿ ದಿನಕ್ಕೆ ಅರವತ್ತು ಜನ ಬರುತ್ತಿದ್ದ ಕ್ಲಿನಿಕ್ಕಿಗೆ ಹದಿನೈದು ಜನ ಬರತೊಡಗಿದರು. ಅವರಲ್ಲೂ ಐದಾರು ಜನ ವಾರದಲ್ಲಿ ಮೂರು ಸಲ ಅದೇ ಕೆಮ್ಮು ತೋರಿಸಲು ಬಂದು, ಫೀಸು ಮೊನ್ನೆಯೇ ಕೊಟ್ಟಿದ್ದೆನಲ್ಲ ಎಂದು ಕೈ ಆಡಿಸಿ ಹೋಗುವವರು. ಮಳಿಗೆ ಬಾಡಿಗೆ ಕೊಟ್ಟು, ಅಕ್ಕನ ಸಂಬಳ ಕೊಟ್ಟು, ಕರೆಂಟು ಬಿಲ್ಲು ಕಟ್ಟಿದ ಮೇಲೆ ಉಳಿಯುವ ದುಡ್ಡಿನಲ್ಲಿ ನನ್ನ ಪೆಟ್ರೋಲಿನ ಖರ್ಚು ಹುಟ್ಟುತ್ತಿತ್ತು. ಮನೆ ಹೆಂಡತಿಯ ಸಂಬಳದಲ್ಲಿ ನಡೆಯುತ್ತಿತ್ತು. ಬೆಂಗಳೂರಿನ ನನ್ನ ಕ್ಲಾಸ್‌ಮೇಟುಗಳು ಐದು ನಿಮಿಷಕ್ಕೆ ಆರುನೂರು ತೆಗೆದುಕೊಳ್ಳುತ್ತಿದ್ದರು. ನಾನು ಇಪ್ಪತ್ತು ನಿಮಿಷ ಮಾತಾಡಿ ನೂರು ಕೇಳಿದರೆ ದರೋಡೆಕಾರ.

ನೇಕಾರ ಬಂದದ್ದು ಆಗ. ಐವತ್ತರ ಆಸುಪಾಸು, ತೆಳ್ಳನೆಯ ಆಳು. ಗುಂಡಿಯಲ್ಲಿ ಕಾಲು ಇಳಿಬಿಟ್ಟು ಕೂತು ನೇಯುವ ಮಗ್ಗ ಆತನದು. ಕಾಲಡಿಯ ಹಲಗೆಯನ್ನು ದಿನವಿಡೀ ತುಳಿಯಬೇಕು. ಬಲಗಾಲಿನ ಹೆಬ್ಬೆರಳ ಕೆಳಗೆ ಎಂಟಾಣೆ ಬಿಲ್ಲೆಯಷ್ಟು ಗಾಯ. ನೋವಿಲ್ಲ ಸಾರ್ ಎಂದ, ಅದೇ ಒಳ್ಳೆಯ ಲಕ್ಷಣ ಎನ್ನುವಂತೆ. ಬೆರಳು ಚುಚ್ಚಿ ನೋಡಿದರೆ ಶುಗರ್ ನಾನೂರರ ಹತ್ತಿರ. ನೋವಿಲ್ಲದಿರುವುದೇ ಅಪಾಯ, ಪಾದಕ್ಕೆ ಸ್ಪರ್ಶವೇ ಹೋಗಿದೆ, ಹೀಗೇ ಬಿಟ್ಟರೆ ಕಾಲು ಹೋಗುತ್ತದೆ ಎಂದು ಹೇಳಿದೆ. ಗಾಯ ತೊಳೆದು ಕಟ್ಟು ಹಾಕಿಸಿದೆ. ಶುಗರ್ ಮಾತ್ರೆ, ಗಾಯದ ಮಾತ್ರೆ ಬರೆದೆ. ಬರಿಗಾಲಲ್ಲಿ ನಡೆಯಬೇಡ, ಒಂದು ವಾರ ಮಗ್ಗಕ್ಕೆ ಇಳಿಯಬೇಡ, ಮೂರನೇ ದಿನಕ್ಕೆ ಬಂದು ಕಟ್ಟು ಬಿಚ್ಚಿ ತೋರಿಸು ಎಂದೆ. ತಾಲ್ಲೂಕು ಆಸ್ಪತ್ರೆಗೆ ಹೋದರೂ ಆಗುತ್ತದೆ ಎಂದೂ ಹೇಳಿದೆ. ಅಲ್ಲಿ ದುಡ್ಡು ಕೇಳಲ್ಲ, ಆದ್ರೆ ದಿನದ ಕೆಲಸ ಹೋಗ್ತೈತೆ ಎಂದ. ಇಪ್ಪತ್ತೈದು ನಿಮಿಷ ಮಾತಾಡಿದ್ದೇನೆ. ಅಷ್ಟು ಚೆನ್ನಾಗಿ ನಾನು ಬೇರೆ ಯಾರಿಗೂ ಹೇಳಿರಲಿಲ್ಲ. ಅದರ ಬಗ್ಗೆ ನನಗೆ ಒಳಗೊಳಗೇ ಹೆಮ್ಮೆಯಿತ್ತು.

ಎದ್ದು ನಿಂತ ಆತ ಅಂಗಿಯ ತೋಳು ಮೇಲಕ್ಕೆ ಸರಿಸಿದ.

"ಸೂಜಿ ಸಾರ್?"

ಸೂಜಿ ಬೇಕಾಗಿಲ್ಲ ಎಂದೆ. ಆತ ತೋಳನ್ನು ಇಳಿಸಲಿಲ್ಲ. ಫೀಸೆಷ್ಟು ಎಂದು ಕೇಳಿದ. ಅಕ್ಕ ನೂರು ಎಂದಳು. ಆತ ಅವಳತ್ತ ತಿರುಗಿ, "ಮಾಟಲಕಾ ವಂದ?" ಎಂದ. ಅಕ್ಕ ನಗು ತಡೆದುಕೊಂಡದ್ದು ನನಗೆ ಕಂಡಿತು. ಏನಂದ ಎಂದೆ. ಮಾತಿಗೆ ನೂರಾ ಅಂತಾನೆ ಸಾರ್ ಎಂದಳು. ನನಗೆ ತಲೆ ಕೆಟ್ಟಿತು. ಲಾಯರಿಗೆ ಯಾವುದಕ್ಕೆ ಕೊಡುತ್ತೀರಿ, ಮಾತಿಗಲ್ಲವೇ, ಅದಕ್ಕೂ ಸೂಜಿ ಹಾಕಿಸಿಕೊಳ್ಳುತ್ತೀರೇನು ಎಂದು ಹೊರಗೆ ಕೂತವರಿಗೂ ಕೇಳುವಂತೆ ಅಂದೆ. ಹೊರಗೆ ಕೂತವರು ನಕ್ಕರು. ಆತನೂ ನಕ್ಕ. ನೂರರ ನೋಟು ಇಟ್ಟು ಹೋದ. ಅಥವಾ ಎಸೆದ.

ಇನ್ನು ಫೀಸಿನ ವಿಷಯಕ್ಕೆ ಯಾರೂ ಬಾಯಿ ತೆರೆಯಬಾರದು ಎಂದು ಆ ಸಂಜೆಯೇ ಬೋರ್ಡ್ ಬರೆಯುವ ಪೇಂಟರನ್ನು ಕರೆಸಿದೆ. ಆತ ಅಕ್ಷರಕ್ಕೆ ಹದಿನೈದು ರೂಪಾಯಿ ಹೇಳಿದ. ಒತ್ತಕ್ಷರಕ್ಕೆ ಬೇರೆ ಚಾರ್ಜ್ ಇಲ್ಲ ಬಿಡಿ ಸಾರ್, ಡಾಕ್ಟ್ರಂತ ಬಿಟ್ಟೀನಿ ಎಂದ. ಚೀಟಿ ಬರೆಯುವ ಪ್ಯಾಡಿನ ಮೇಲೆ ನಾನು ಬರೆದುಕೊಂಡ ಸಾಲುಗಳು ನನ್ನ ಕಣ್ಣ ಮುಂದೆಯೇ ಇವೆ. ಒಂದು, ಫೀಸು. ಎರಡು, ಸೂಜಿ ಕೇಳಬಾರದು. ಮೂರು, ಗಾಯದ ಕಟ್ಟು ಬದಲಿಸಲು ಫೀಸು ಇಲ್ಲ. ಸ್ವಲ್ಪ ಚೌಕಾಶಿ ಮಾಡಿದೆ. ಕೊನೆಗೆ ಪೇಂಟರು ಒಂದು ಬಳ್ಳಿಯ ಚಿತ್ರವನ್ನು ಪುಕ್ಕಟೆ ಬರೆದುಕೊಡಲು ಒಪ್ಪಿದ. ಮರುದಿನ ಸಂಜೆ ಬಾಗಿಲ ಪಕ್ಕದಲ್ಲಿ ಬೋರ್ಡ್ ನೇತಾಡುತ್ತಿತ್ತು.

ಒಂದು ತಿಂಗಳ ಮೇಲೆ ಸುದ್ದಿ ಬಂತು. ನೇಕಾರ ಪಕ್ಕದ ಹಳ್ಳಿಯಲ್ಲಿ ಓದದೆ ಡಾಕ್ಟರಾದ ಒಬ್ಬನ ಹತ್ತಿರ ಹೋಗಿದ್ದನಂತೆ. ಅವನು ದಿನಕ್ಕೊಂದು ಸೂಜಿ, ಸಲಕ್ಕೆ ಐವತ್ತರಂತೆ, ಹದಿನೈದು ದಿನ ಹಾಕಿದ್ದನಂತೆ. ಬೆರಳು ಕಪ್ಪಾದ ಮೇಲೆ ದೊಡ್ಡಾಸ್ಪತ್ರೆಗೆ ಸೇರಿಸಿದರು. ಅಲ್ಲಿ ಕಾಲು ತೆಗೆದರು. ಲೆಕ್ಕ ಹಾಕಿದೆ: ನನಗೆ ನೂರು ಕೊಡಲು ಅತ್ತವನು ಅವನಿಗೆ ಏಳುನೂರೈವತ್ತು ಕೊಟ್ಟಿದ್ದ. ಆ ಲೆಕ್ಕವೇ ನನ್ನ ಕಥೆಯ ಕೊನೆಯ ಸಾಲಾಯಿತು. ಹೇಳಿದಾಗಲೆಲ್ಲ ಕೇಳುವವರು ತಲೆಯಾಡಿಸುತ್ತಿದ್ದರು. ಈ ಜನ ಉದ್ಧಾರವಾಗಲ್ಲ ಬಿಡಿ ಎನ್ನುತ್ತಿದ್ದರು. ಕಾಲು ಹೋದ ಮನುಷ್ಯನಿಗಾಗಿ ಅಲ್ಲಿ ಯಾರಾದರೂ ಮರುಗಿದ್ದು ನೆನಪಿಲ್ಲ.

ಇನ್ನೊಂದು ವರ್ಷಕ್ಕೆ ಕ್ಲಿನಿಕ್ ಮುಚ್ಚಿದೆ. ಆ ಕಾಲಿನ ಕಾರಣಕ್ಕಲ್ಲ, ಬಾಡಿಗೆ ಹುಟ್ಟದೆ. ಚಳ್ಳಕೆರೆಗೆ ಮರಳಿ ಅದೇ ನರ್ಸಿಂಗ್ ಹೋಮಿಗೆ ಸೇರಿದೆ. ಸಾಹುಕಾರರು ಹಳೆಯದನ್ನು ಎತ್ತಲಿಲ್ಲ, ಕಾಫಿ ತರಿಸಿದರು. ಸಂಬಳ ಐವತ್ತೈದಾಯಿತು. ಈಗ ನಾನೂ ಸೂಜಿ ಹಾಕುತ್ತೇನೆ. ಕೇಳಿದವರಿಗೆ ಹಾಕುತ್ತೇನೆ, ಕೇಳದೆ ಕೂತವರಿಗೆ ನಾನೇ ಕೇಳುತ್ತೇನೆ. ನನ್ನ ಪೇಷಂಟುಗಳು ಈಗ ಸರಿಯಾದ ವೇಗದಲ್ಲಿ ವಾಸಿಯಾಗುತ್ತಾರೆ.

ಕಳೆದ ವರ್ಷ ಅಕ್ಕ ತನ್ನ ಮಗಳ ಹೆರಿಗೆಗೆ ಅಲ್ಲಿಗೇ ಬಂದಳು. ಮಗು, ತಾಯಿ ಚೆನ್ನಾಗಿದ್ದರು. ಮಧ್ಯಾಹ್ನ ನರ್ಸುಗಳ ಜೊತೆ ಚಹಾ ಕುಡಿಯುವಾಗ, ನನ್ನ ಹಳೆಯ ಸಾಕ್ಷಿ ಪಕ್ಕದಲ್ಲೇ ಇದ್ದಾಳೆ ಎಂಬ ಹುರುಪಿನಲ್ಲಿ, ನೇಕಾರನ ಕಥೆ ತೆಗೆದೆ. ಮೂರನೇ ದಿನ ಬಾ ಎಂದರೂ ಬರಲಿಲ್ಲ ಎನ್ನುವಲ್ಲಿಗೆ ಬಂದಾಗ ಅಕ್ಕ ಲೋಟ ಕೆಳಗಿಟ್ಟಳು.

"ಬಂದಿದ್ದ ಸಾರ್ ಆತ."

ಯಾವಾಗ ಎಂದೆ.

"ನೀವು ಹೇಳಿದ ದಿನಕ್ಕೇ. ಬೋರ್ಡ್ ಬಣ್ಣ ಇನ್ನೂ ವಾಸನೆ ಬರ್ತಿತ್ತು. ಮೆಟ್ಟಿಲ ಮೇಲೆ ನಿಂತು ಓದಿದ. ಮಳ್ಳೀ ವಂದಾ ಅಂದ, ಮತ್ತೆ ನೂರಾ ಅಂತ. ಕೇಳ್ಕಂಡು ಬರ್ತೀನಿ ಇರಪ್ಪ ಅಂತ ಒಳಗೆ ಬಂದೆ. ನೀವು ಭೇದಿ ಆದ ಕೂಸು ನೋಡ್ತಿದ್ರಿ. ತಿರುಗಿ ಹೋಗಿ ನೋಡಿದ್ರೆ ಇರಲಿಲ್ಲ."

ನರ್ಸುಗಳು ಚಹಾ ಕುಡಿಯುವುದನ್ನು ನಿಲ್ಲಿಸಿದ್ದರು. ನನಗೇಕೆ ಹೇಳಲಿಲ್ಲ ಎಂದು ಕೇಳಿದೆ. ನನ್ನ ದನಿ ಸ್ವಲ್ಪ ಏರಿರಬೇಕು.

"ಹೇಳಿದ್ನಲ್ಲ ಸಾರ್. ಹೋಗ್ಲಿ ಬಿಡಕ್ಕ, ಅವನಿಗೆ ಸೂಜಿ ಬೇಕು ಅಂದ್ರಿ."

ಹಾಗೆ ಅಂದದ್ದು ನನಗೆ ಎಳ್ಳಷ್ಟೂ ನೆನಪಿಲ್ಲ. ಆದರೆ ಮಾತು ನನ್ನದೇ. ನಾನು ಆಡಬಹುದಾದ ಮಾತೇ. ನೆನಪಿಲ್ಲದ್ದಕ್ಕೆ ವಾದ ಮಾಡಲು ಆಗಲಿಲ್ಲ. ನೆನಪಿದ್ದದ್ದನ್ನು ಹಿಡಿದುಕೊಂಡೆ. ಕಟ್ಟು ಬದಲಿಸಲು ಫೀಸಿಲ್ಲ ಎಂದು ಬೋರ್ಡಿನಲ್ಲೇ ಇತ್ತಲ್ಲ, ಓದಿದವನಿಗೆ ಅದು ಕಾಣಲಿಲ್ಲವೇ ಎಂದೆ. ಅಕ್ಕ ನನ್ನ ಮುಖ ನೋಡಿದಳು. ಅಂಥದ್ದೇನೂ ಇರಲಿಲ್ಲ ಎಂದಳು. ಇತ್ತು ಎಂದೆ. ಜಗಳ ಬೇಡವೆಂಬಂತೆ ಸೆರಗು ಸರಿಮಾಡಿಕೊಂಡು, ಆ ತಗಡು ತನ್ನ ಮನೆಯಲ್ಲೇ ಇದೆ, ಕ್ಲಿನಿಕ್ ಖಾಲಿ ಮಾಡಿದ ದಿನ ನೀವೇ ಕೊಟ್ಟಿರಿ, ಬಚ್ಚಲಿಗೆ ಮರೆ ಕಟ್ಟಿದ್ದೇನೆ ಎಂದಳು.

ಮುಂದಿನ ಭಾನುವಾರ ಮೊಳಕಾಲ್ಮೂರಿನ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಆ ಮೂರನೇ ಸಾಲನ್ನು ಮನಸ್ಸಿನಲ್ಲಿ ಓದಿಕೊಂಡು ಹೋದೆ. ಹಳದಿ ತಗಡಿನ ಮೇಲೆ ಕೆಂಪು ಅಕ್ಷರ. "ಗಾಯದ" ಎಂಬುದು ಸ್ವಲ್ಪ ಓರೆ. ಅಷ್ಟು ಸ್ಪಷ್ಟವಾಗಿತ್ತು.

ಅಕ್ಕ ಬಸ್ ಸ್ಟ್ಯಾಂಡಿಗೆ ಬಂದಿದ್ದಳು. ಅಲ್ಲಿಂದ ನಡೆಯುವಾಗ ಒಂದು ಓಣಿಯ ಬಾಯಲ್ಲಿ ನಿಂತಳು. ಆತನ ಮನೆ ಇಲ್ಲೇ ಸಾರ್ ಎಂದಳು. ಈಗ ಮಗ್ಗಕ್ಕೆ ಹೆಂಡತಿ ಇಳಿಯುತ್ತಾಳಂತೆ. ಆತ ಮೇಲೆ ಕೂತು ನೂಲು ಸುತ್ತಿಕೊಡುತ್ತಾನಂತೆ. ಮಾತಾಡಿಸಿಕೊಂಡು ಬರೋಣವೇ ಎಂದು ಕೇಳಿದಳು. ಒಳಗಿಂದ ಮಗ್ಗದ ಸದ್ದು ಬರುತ್ತಿತ್ತು. ಬಸ್ಸಿಗೆ ಹೊತ್ತಾಗುತ್ತದೆ ಎಂದೆ. ಆ ಊರಿನಿಂದ ಚಳ್ಳಕೆರೆಗೆ ಬಸ್ಸುಗಳಿಗೆ ಬರವಿಲ್ಲ. ಅದು ಅವಳಿಗೂ ಗೊತ್ತಿತ್ತು. ಮುಂದೆ ನಡೆದಳು.

ಬಚ್ಚಲಿನ ಪಕ್ಕ ತಗಡನ್ನು ತಂತಿಯಿಂದ ಕಟ್ಟಿದ್ದಳು, ಬರಹ ಒಳಮುಖವಾಗಿ. ಇಬ್ಬರೂ ಸೇರಿ ತಂತಿ ಬಿಚ್ಚಿ ತಿರುಗಿಸಿದೆವು. ಸೋಪಿನ ಕಲೆ ಹಿಡಿದಿತ್ತು. ಅಕ್ಕ ಒದ್ದೆ ಬಟ್ಟೆಯಲ್ಲಿ ಒರೆಸಿದಳು.

ಬೋರ್ಡಿನಲ್ಲಿ ಎರಡೇ ಸಾಲು. "ನೋಡುವ ಫೀಸು ಪ್ರತಿ ಸಲವೂ ನೂರು ರೂಪಾಯಿ. ಸೂಜಿ ಕೇಳಬಾರದು." ಬಣ್ಣ ಹೋಗಿರಬಹುದೇ ಎಂದು ಕೆಳಗೆ ಬೆರಳಿನಿಂದ ತಡವಿದೆ. ಎರಡನೇ ಸಾಲಿಗೆ ತಾಗಿಕೊಂಡೇ, ತಗಡಿನ ಅಂಚಿನವರೆಗೂ, ಪೇಂಟರು ಪುಕ್ಕಟೆ ಬರೆದುಕೊಟ್ಟ ಹಸಿರು ಬಳ್ಳಿ ಇತ್ತು. ಮೂರನೇ ಸಾಲಿಗೆ ಜಾಗವೇ ಬಿಟ್ಟಿರಲಿಲ್ಲ.