ಕಾಣೆಯಾದ ನ್ಯೂಟ್ರಾನು, ನಿಂತ ಮಗ್ಗದ ಗೆರೆ

ನನ್ನಿಂದ ಡಾಕ್ಟರೇಟ್ ಆಗುವ ಮಾತಲ್ಲ ಎಂದವರು ನನ್ನ ದೊಡ್ಡಪ್ಪ. ಉಳಿದವರು ಮನಸ್ಸಿನಲ್ಲಿ ಇಟ್ಟುಕೊಂಡಿದ್ದನ್ನು ಅವರು ಜಗಲಿಯಲ್ಲಿ ಕೂತು ಬೀದಿಗೇ ಕೇಳುವಂತೆ ಹೇಳಿದರು.

"ತರಿ ಓಡ್ಸೋ ಮನೆ ನಮ್ದು. ಕಾಲೇಜು ಮುಗ್ಸಿದ್ದೇ ನೀನೊಬ್ಳು. ಅದು ಸಾಲ್ದು ಅಂತ ಕಣ್ಣಿಗೆ ಕಾಣ್ದೇ ಇರೋದನ್ನ ಹುಡುಕೋಕೆ ಹೊರಟ್ಯಾ ಅಮ್ಮಣಿ? ಸಿಕ್ದಂಗೇ!"

ತರಿ ಎಂದರೆ ಮಗ್ಗ. ತಮಿಳುನಾಡಿನ ಅವಿನಾಶಿ ಬಳಿಯ ನಮ್ಮ ನೇಕಾರರ ಬೀದಿಯ ಕನ್ನಡದಲ್ಲಿ ಅರ್ಧ ತಮಿಳೇ. ಓದಿದ್ದೂ ತಮಿಳಿನಲ್ಲಿ, ಕನ್ನಡ ಅಕ್ಷರ ಕಲಿತದ್ದು ದೊಡ್ಡವಳಾದ ಮೇಲೆ, ಹಟಕ್ಕೆ. ಈ ಸಾಲುಗಳನ್ನು ನಾನೇ ಬರೆಯುತ್ತಿದ್ದೇನೆ ಎಂಬುದೂ ನನಗೆ ಹೆಮ್ಮೆ.

ಅಪ್ಪ ವಿದ್ಯುತ್ ಮಗ್ಗದಲ್ಲಿ ನೇಯ್ದದ್ದನ್ನು ದೊಡ್ಡಪ್ಪ ಪರೀಕ್ಷಿಸುತ್ತಿದ್ದರು. ಬಾಗಿಲ ಬಳಿಯ ಕಂಬಿಗೆ ಬಟ್ಟೆ ಇಳಿಬಿಟ್ಟು, ಬೆಳಕಿಗೆ ಎದುರಾಗಿ ಮೇಲಿಂದ ಕೆಳಗೆ ನೋಡುವರು. ದೋಷ ಕಂಡಲ್ಲಿ ಬಳಪದ ಗುರುತು. ಏನೂ ಕಾಣದಿದ್ದರೆ ಒಂದೇ ಮಾತು: "ಮಡಿಸು." ಆ ಮಾತು ಬರುವ ತನಕ ಅಪ್ಪ ಪಕ್ಕದಲ್ಲೇ ಉಸಿರು ಹಿಡಿದು ನಿಂತಿರುತ್ತಿದ್ದರು.

ನಾನು ದಿನಾ ಬಸ್ಸಿನಲ್ಲಿ ಕೊಯಮತ್ತೂರಿಗೆ ಹೋಗಿ ಮಾಡುತ್ತಿದ್ದ ಕೆಲಸ ಇದು. ಪರಮಾಣುವಿನೊಳಗಿನ ನ್ಯೂಟ್ರಾನ್ ಎಂಬ ಕಣ ಒಮ್ಮೊಮ್ಮೆ ನಮಗೆ ಕಾಣದ ತನ್ನ ಜೋಡಿಯಾಗಿ, ಕನ್ನಡಿ ಕಣವಾಗಿ ಬದಲಾಗಿ ಮಾಯವಾಗುತ್ತದೆಯೇ? ವಿದೇಶದ ಒಂದು ಪ್ರಯೋಗಾಲಯದಲ್ಲಿ ತೀರಾ ನಿಧಾನದ ನ್ಯೂಟ್ರಾನುಗಳನ್ನು ಪಾತ್ರೆಗೆ ತುಂಬಿ, ಸ್ವಲ್ಪ ಹೊತ್ತು ಬಿಟ್ಟು, ಉಳಿದವನ್ನು ಎಣಿಸುತ್ತಿದ್ದರು. ಪ್ರತಿ ಸಲವೂ ಪಾತ್ರೆಯ ಸುತ್ತಲಿನ ಕಾಂತಕ್ಷೇತ್ರದ ಮಟ್ಟವನ್ನು ಬದಲಿಸುವರು. ಯಾವುದೋ ಒಂದು ಮಟ್ಟದಲ್ಲಿ ಮಾತ್ರ ಎಣಿಕೆ ಇಳಿದರೆ, ಅಲ್ಲಿ ಅವು ಆಚೆಗೆ ದಾಟಿರಬಹುದು. ಆ ಎಣಿಕೆಗಳನ್ನು ಜಾಲಾಡುವುದು ನನ್ನ ಪಾಲಿನ ಕೆಲಸ.

ಮೂರನೆಯ ವರ್ಷ ಇಳಿತ ಕಂಡಿತು. ಮನೆಗೆ ಬಂದವಳೇ "ಸಿಕ್ತು" ಅಂದೆ. ಅಮ್ಮ ಕೇಸರಿಭಾತ್ ಮಾಡಿ ಬೀದಿಗೆಲ್ಲ ಹಂಚಿದಳು. ದೊಡ್ಡಪ್ಪ ಎರಡು ಸಲ ಹಾಕಿಸಿಕೊಂಡು ತಿಂದರು, ಎಣಿಕೆ ಇಳಿದದ್ದನ್ನು ನಾನು ವಿವರಿಸಿದರೂ ಒಪ್ಪಲಿಲ್ಲ.

"ಎಷ್ಟಕ್ಕೊಂದ್ಸಲ ಕಮ್ಮಿಯಾಗುತ್ತೆ?"

"ಎಂಟು ಸಲಕ್ಕೊಂದ್ಸಲ."

"ತಪ್ಪದಂಗೆ?"

"ತಪ್ಪದಂಗೆ."

ಅವರು ನಕ್ಕೇಬಿಟ್ಟರು. "ನೂಲು ಲೆಕ್ಕ ಹಾಕ್ಕೊಂಡು ಕೆಡಲ್ಲ ಅಮ್ಮಣಿ. ಕರೆಂಟ್ ಹೋಗಿ ಬಂದ್ರೆ ತರಿ ಬಟ್ಟೇಲಿ ಒಂದು ಗೆರೆ ಬಿಡುತ್ತಲ್ಲ, ಅದೇ ಇದು. ನಿನ್ ಮಿಷನ್ ಎಲ್ಲಿ ನಿಲ್ಲುತ್ತೆ, ಅದನ್ನ ನೋಡು ಹೋಗು."

ಸಿಟ್ಟು ಬಂತು. ನ್ಯೂಟ್ರಾನಿನ ವಿಷಯ ಇವರಿಗೇನು ಗೊತ್ತು? ಆದರೂ ಮರುದಿನ ನೋಡಿದೆ. ಎಂಟು ಮಟ್ಟಗಳ ಸುತ್ತು ಮುಗಿದಾಗಲೆಲ್ಲ ಯಂತ್ರಕ್ಕೆ ಬಿಡುವು ಕೊಟ್ಟಿದ್ದರು. ಕೆಲವು ದಿನ ಮಾತ್ರ ಮಟ್ಟಗಳ ಸರದಿ ಅದಲುಬದಲಾಗಿತ್ತು. ಆ ದಿನಗಳನ್ನು ಬೇರೆ ತೆಗೆದೆ. ಮಟ್ಟ ಬದಲಾಗಿತ್ತು, ಇಳಿತ ಮಾತ್ರ ಬಿಡುವಿನ ನಂತರದ ಮೊದಲ ಎಣಿಕೆಯಲ್ಲೇ ಕೂತಿತ್ತು. ಕನ್ನಡಿ ಕಣವಲ್ಲ, ನಿಂತು ಹೊರಟ ಯಂತ್ರದ ಗೆರೆ.

ಅಂದು ಬಸ್ಸಿನಲ್ಲಿ ಅತ್ತುಬಿಟ್ಟೆ. ಸಿಗದಿದ್ದುದಕ್ಕೆ ಪದವಿ ಯಾರು ಕೊಡುತ್ತಾರೆ? ನನ್ನ ಮಾರ್ಗದರ್ಶಕರಿಗೆ ಹೇಳಿದಾಗ ಅವರು ತಮಿಳಿನಲ್ಲಿ ಅಂದದ್ದು ಇಷ್ಟೇ: "ಸಿಗದಿದ್ದರೆ ಸಿಗಲಿಲ್ಲ ಎಂದು ಬರೆ. ಆದರೆ ನೀನು ನೋಡಿದ ಜಾಗವನ್ನು ಇನ್ನೊಬ್ಬರು ಮತ್ತೆ ನೋಡಬೇಕಾಗಿ ಬರಬಾರದು."

ಇನ್ನೆರಡು ವರ್ಷ ಹಾಗೆ ನೋಡಿದೆ. ಬಿಡುವಿನ ನಂತರದ ಎಣಿಕೆಗಳನ್ನೆಲ್ಲ ಕೈಬಿಟ್ಟು ಮೊದಲಿನಿಂದ ಮಾಡಿದೆ. ನ್ಯೂಟ್ರಾನು ಬದಲಾಗುವುದೇ ಆದರೂ ಈ ಮಟ್ಟಗಳಲ್ಲಿ ಇಂತಿಷ್ಟು ಸಮಯಕ್ಕಿಂತ ಬೇಗ ಬದಲಾಗದು ಎಂದು ಗೆರೆ ಎಳೆದು ತೋರಿಸಿದೆ. ಕೊನೆಯ ಮೌಖಿಕ ಪರೀಕ್ಷೆಯಲ್ಲಿ, ಯಂತ್ರದ ಬಿಡುವಿನ ಮೇಲೆ ನಿನಗೆ ಅನುಮಾನ ಬಂದದ್ದು ಹೇಗೆ ಎಂದು ಕೇಳಿದರು. "ನನ್ನ ದೊಡ್ಡಪ್ಪ ಬಟ್ಟೆ ನೋಡುವವರು" ಎಂದೆ. ತಲೆ ತಗ್ಗಿಸದೆ ಹೇಳಿದೆ. ಯಾರೂ ನಗಲಿಲ್ಲ.

ಪ್ರಮಾಣಪತ್ರ ಕೈಗೆ ಬಂದ ದಿನ ನೇರವಾಗಿ ತಂದು ದೊಡ್ಡಪ್ಪನ ಕೈಗೇ ಕೊಟ್ಟೆ. ಅವರಿಗೆ ಇಂಗ್ಲಿಷ್ ಓದಲು ಬರದು. ಟವೆಲಿನಲ್ಲಿ ಕೈ ಒರೆಸಿಕೊಂಡು, ಅದೇ ಕಂಬಿಯ ಬಳಿ ನಿಂತು, ಬೆಳಕಿಗೆ ಹಿಡಿದು ಮೇಲಿಂದ ಕೆಳಗೆ ನೋಡಿದರು. ಈಗ ಉಸಿರು ಹಿಡಿದು ನಿಂತವಳು ನಾನು.

"ಕಡೆಗೂ ಅದು ಸಿಕ್ಲಿಲ್ಲ, ಅಲ್ವಾ?"

"ಇಲ್ಲ ದೊಡ್ಡಪ್ಪ. ನೋಡಿದ್ ಕಡೆ ಎಲ್ಲೂ ಇಲ್ಲ."

"ನೆಟ್ಟಗೆ ನೋಡ್ದ್ಯಾ?"

"ನೋಡ್ದೆ."

"ಮಡಿಸು" ಎಂದರು. ನಾನು ಕೈ ಚಾಚುವಷ್ಟರಲ್ಲಿ ಕಾಗದವನ್ನು ಎದೆಗೆ ಒತ್ತಿಕೊಂಡರು. "ಅಯ್ಯಯ್ಯೋ, ಮಡಿಸ್ಬೇಡ ಅಮ್ಮಣಿ! ಇದನ್ನ ಬೀದಿ ಪೂರಾ ನೋಡ್ಲಿ."