ಅಶ್ವತ್ಥನ ಉಪ್ಪಿನ ಮೊಸರು

ಚಿತ್ರದುರ್ಗದ ಕಡೆಯ ಅಶ್ವತ್ಥ ವಿಶಾಖಪಟ್ಟಣದ ಉಕ್ಕಿನ ಕಾರ್ಖಾನೆಯಲ್ಲಿ ಎಂಜಿನಿಯರ್. ತಟ್ಟೆ ಮುಂದೆ ಬಂದರೆ ಸಾಕು, ರುಚಿ ನೋಡುವ ಮೊದಲೇ ಅವನ ಕೈ ಉಪ್ಪಿನ ಬಟ್ಟಲಿಗೆ ಹೋಗುತ್ತಿತ್ತು. ಸಾರಿಗೆ, ಪಲ್ಯಕ್ಕೆ, ಕಡೆಗೆ ಬಾಳೆಹಣ್ಣಿಗೂ ಉಪ್ಪು.

೨೦೦೬ರ ಬೇಸಿಗೆಯಲ್ಲಿ ರಕ್ತದೊತ್ತಡ ಏರಿತು, ಹೊಟ್ಟೆಯೂ ಕೆಟ್ಟಿತು. ಟೌನ್‌ಶಿಪ್ಪಿನ ಡಾಕ್ಟರು ಉಪ್ಪು ಕಡಿಮೆ ಮಾಡಿ, ಮೊಸರು ತಿನ್ನಿ ಎಂದರು. ಹೊಟ್ಟೆಯೊಳಗೂ ಮೊಸರಿನಲ್ಲಿರುವಂಥ ಒಳ್ಳೆಯ ಸೂಕ್ಷ್ಮಜೀವಿಗಳಿವೆ, ಇಷ್ಟೊಂದು ಉಪ್ಪು ಅವಕ್ಕೂ ಹಿಡಿಸಲಿಕ್ಕಿಲ್ಲ ಎಂಬುದು ತಮ್ಮ ಗುಮಾನಿ ಎಂದೂ ಸೇರಿಸಿದರು. ಅಶ್ವತ್ಥನ ತಕರಾರೆಲ್ಲ ಆ ಗುಮಾನಿಯ ಮೇಲೇ. ಮರುದಿನ ಊಟಕ್ಕೆ ಬರಲಿದ್ದ ಮೇಲಧಿಕಾರಿ ಧನಂಜಯರ ಎದುರಿಗೇ ಉಪ್ಪು ಹಾಕಿದ ಹಾಲನ್ನೂ ಮೊಸರಾಗಿಸಿ ಇದನ್ನು ಸುಳ್ಳು ಮಾಡಿ ತೋರಿಸುತ್ತೇನೆಂದು ವಿಜಯವಾಡ ಕಡೆಯ ಹೆಂಡತಿ ಸಾಯಿಲಕ್ಷ್ಮಿಗೆ ಸವಾಲು ಹಾಕಿ, ಹೆಪ್ಪು ಹಾಕಿದ ಹಾಲಿಗೆ ತನ್ನ ಅಳತೆಯಲ್ಲಿ ಉಪ್ಪು ಸುರಿದ. ಪರೀಕ್ಷೆಗೆ ಒಂದು ಲೋಟ ಸಾಕಿತ್ತು. ಅವನು ಇಡೀ ಪಾತ್ರೆಗೇ ಸುರಿದಿದ್ದ.

ಮರುದಿನ ಮಧ್ಯಾಹ್ನ ಸೌಟು ಅದ್ದಿದರೆ ಹಾಲು ಹೆಪ್ಪುಗಟ್ಟದೆ ನೀರುನೀರಾಗಿತ್ತು. ಧನಂಜಯರು ತಟ್ಟೆಯಲ್ಲಿ ಅನ್ನ ಕಿವುಚಿಕೊಂಡು ಮೊಸರಿಗೆ ಕಾದರು. ಅಶ್ವತ್ಥ ಸ್ಕೂಟರ್ ಹತ್ತಿ ಪಕ್ಕದ ಗಾಜುವಾಕದ ಅಂಗಡಿಗೆ ಓಡಿದ. ಮೊಸರು ತರುವಷ್ಟರಲ್ಲಿ ಅವರು ಕೈ ತೊಳೆದು ಹೊರಟುಹೋಗಿದ್ದರು.

“ಪಾತ್ರೆ ಬೇರೆ, ಹೊಟ್ಟೆ ಬೇರೆ ಕಣೆ,” ಎಂದ ಅಶ್ವತ್ಥ, ಸೋಲೊಪ್ಪದೆ.

“ಅವುನು, ಬೇರೇನೇ. ಪಾತ್ರೆಯಾದ್ರೆ ತೊಳೀಬೌದು,” ಎಂದಳು ಸಾಯಿಲಕ್ಷ್ಮಿ.

ಆ ಮಾತು ನಾಟಿತು. ಉಪ್ಪಿನ ಬಟ್ಟಲು ಅಟ್ಟ ಸೇರಿತು. ಆದರೆ ಅಂದಿನಿಂದ ಸಾರು ತೀರಾ ಸಪ್ಪೆ. ಕೇಳಿದರೆ, ಹೇಗೂ ನೀವೇ ಹಾಕಿಕೊಳ್ಳುತ್ತೀರೆಂದು ಮದುವೆಯಾದ ಹೊಸತರಲ್ಲೇ ಉಪ್ಪು ಅರ್ಧಕ್ಕೆ ಇಳಿಸಿದ್ದೆ, ಈಗ ನನಗೆ ಇದೇ ರೂಢಿ ಎಂದಳು. ಅಶ್ವತ್ಥ ಮುಖ ಸಣ್ಣ ಮಾಡಿಕೊಂಡು ಅದನ್ನೇ ಉಂಡ.

ದಸರೆಯ ಹೊತ್ತಿಗೆ ಹೊಟ್ಟೆ ನೆಟ್ಟಗಾಯಿತು. ಡಾಕ್ಟರು ಅದು ಮಾತ್ರೆಯಿಂದಲೋ ಮೊಸರಿನಿಂದಲೋ ಉಪ್ಪು ಬಿಟ್ಟದ್ದರಿಂದಲೋ ಹೇಳಲಾರೆ ಎಂದರು. ನಾಲಿಗೆಯಂತೂ ಪಳಗಿತ್ತು. ಹಬ್ಬಕ್ಕೆಂದು ರಾತ್ರಿ ವಿಜಯವಾಡ ತಲುಪಿದಾಗ, ಗವರ್ನರ್‌ಪೇಟೆಯ ಅತ್ತೆಮನೆಯಲ್ಲಿ ಬೇಳೆಯ ಪಪ್ಪು ಕಲಸಿದ ತುತ್ತು ಬಾಯಿಗಿಟ್ಟವನೇ, “ಉಪ್ಪು ಒಂಚೂರು ಜಾಸ್ತಿ ಆಯ್ತಲ್ವಾ ಅತ್ತೆ?” ಅಂದುಬಿಟ್ಟ.

ಅತ್ತೆ ಲಕ್ಷ್ಮೀಕಾಂತಮ್ಮ ಬಡಿಸುವ ಕೈ ನಿಲ್ಲಿಸಿದರು. ಅಳಿಯನಿಗೆ ಇಷ್ಟವೆಂದೇ ಹಾಕಿದ್ದು, ಇದನ್ನುಂಡು ಮನೆಮಂದಿಯೆಲ್ಲ ಬೆಳಗ್ಗಿನಿಂದ ಚೊಂಬುಗಟ್ಟಲೆ ನೀರು ಕುಡಿಯುತ್ತಿದ್ದಾರೆ ಎಂದು ತೆಲುಗಿನಲ್ಲಿ, ಬಲು ನಿಧಾನವಾಗಿ ಹೇಳಿದರು.