ಕಮಲಕ್ಕ ಎಸೆಯದ ಸೀಡಿಗಳು

ಮುತ್ತಿನಕೊಪ್ಪದ ಕಮಲಕ್ಕನಿಗೆ ನರಸಿಂಹರಾಜಪುರದ ಒಂದು ಸಹಕಾರ ಸಂಘದಲ್ಲಿ ಕಸ ಗುಡಿಸುವ ಕೆಲಸ. ಹನ್ನೊಂದು ವರ್ಷ ಗುಡಿಸಿದರೂ ಹೆಸರು ಹಾಜರಿ ಪುಸ್ತಕಕ್ಕೆ ಏರಿರಲಿಲ್ಲ. ೨೦೦೬ರಲ್ಲಿ ಕಂಪ್ಯೂಟರಿನ ಹುಡುಗಿ ಮದುವೆಯಾಗಿ ಹೋದಳು, ಬದಲಿಗೆ ಯಾರೂ ಬರಲಿಲ್ಲ. ಗೋದಾಮಿನಲ್ಲಿ ಯಾರ ಅಡಿಕೆ ಮೂಟೆ ಯಾವ ಸಾಲಿನಲ್ಲಿದೆ ಎಂಬುದನ್ನು ಕಾರ್ಯದರ್ಶಿ ರೇಣುಕಪ್ಪ ಒಂದೇ ಬೆರಳಲ್ಲಿ ಕುಟ್ಟಿ ಸೇರಿಸುತ್ತಿದ್ದರು. ಅದನ್ನು ದಿನಾ ಸೀಡಿಗೆ ಇಳಿಸುವುದು ಯಾರು? ಏಳನೇ ಕ್ಲಾಸು ಓದಿದ ಕಮಲಕ್ಕ ಇದ್ದಳಲ್ಲ, ಆ ಕೆಲಸವೂ ಅವಳ ತಲೆಗೇ ಬಂತು. ಸಂಬಳ ಮಾತ್ರ ಇದ್ದಲ್ಲೇ ಇತ್ತು.

ಗೋಡೆಯ ಮೇಲಿನ ಸೂಚನೆ ಚೀಟಿ ಬರೆದವನು ಕೊಪ್ಪದ ಕಂಪ್ಯೂಟರ್ ರಿಪೇರಿಯ ಧರ್ಮೇಶ್. ಶನಿವಾರ ಎಲ್ಲದರ ಪೂರ್ತಿ ಪ್ರತಿ. ಶನಿವಾರವೂ ಸೇರಿ ದಿನಾ, ಅವತ್ತು ಆದ ಬದಲಾವಣೆಯಷ್ಟೇ ಇರುವ ಲಾಗ್ ಫೈಲ್. ಕೊನೆಗೊಂದು ಸಾಲು: 'ಶನಿವಾರದ ಪ್ರತಿ ತೆಗೆದ ಮೇಲೆ ಹಳೇ ಸೀಡಿ ಬೇಡ.'

ಕಮಲಕ್ಕನಿಗೆ ಆ ಸಾಲು ಸರಿಬರಲಿಲ್ಲ. ಹೊಸ ಸೀಡಿ ಕೆಟ್ಟಿದ್ದರೆ? ತೆರೆದು ನೋಡಿ ಅಂತ ಎಲ್ಲೂ ಬರೆದಿಲ್ಲವಲ್ಲ? ಅವಳು ಸಸಿ ನೆಡುವ ಕೂಲಿಗೆ ಹೋಗುತ್ತಿದ್ದ ಗದ್ದೆಗಳಲ್ಲಿ, ಸಸಿಮಡಿಯಲ್ಲಿ ಮೊಳಕೆ ಕಾಣುವತನಕ ಉಳಿದ ಬೀಜದ ಭತ್ತವನ್ನು ಯಾರೂ ಕುಟ್ಟುತ್ತಿರಲಿಲ್ಲ. ಹಾಗಾಗಿ ಒಂದು ಸೀಡಿಯನ್ನೂ ಎಸೆಯದೆ, ತಾರೀಕು ಬರೆದು ಬಿಸ್ಕೆಟ್ ಡಬ್ಬಿಗೆ ತುಂಬಿಟ್ಟಳು.

ಒಂದು ದಿನ ರೇಣುಕಪ್ಪ ಬೀರು ತೆಗೆದರೆ ನಾಲ್ಕು ಡಬ್ಬಿ.

"ಎಂತ ಕಮಲಕ್ಕ ಇದು? ಚೀಟಿ ಓದಿದ್ದೀರಲ್ಲ? ನಾಳೆಯೊಳಗೆ ಗುಜರಿಗೆ ಹಾಕಿ. ಇಲ್ದಿದ್ರೆ ನೀವು ಕೆಲಸಕ್ಕೆ ಬರೋದೇ ಬೇಡ."

ಕಮಲಕ್ಕನಿಗೆ ಹೆದರಿಕೆಯಾಯಿತು. ಈ ಕೆಲಸ ಹೋದರೆ ಮತ್ತೆ ಎಸ್ಟೇಟ್ ಕೂಲಿ, ಮಂಡಿನೋವಿನಲ್ಲಿ ಗುಡ್ಡ ಹತ್ತಬೇಕು. ಸಂಜೆ ಡಬ್ಬಿಗಳನ್ನು ಚೀಲಕ್ಕೆ ಹಾಕಿ ಬಸ್ಸು ಹತ್ತಿದಳು. ಮರುದಿನ "ಹಾಕಿದೆ ಸಾರ್" ಅಂದಳು. ಆಮೇಲಿನ ಸೀಡಿಗಳೂ ಅದೇ ದಾರಿ ಹಿಡಿದವು.

ಮೂರನೇ ವಾರ ಕಂಪ್ಯೂಟರ್ ಸತ್ತಿತು. ಧರ್ಮೇಶ್ ಬಂದು ಹೊಸ ಡಿಸ್ಕ್ ಹಾಕಿ, ಶನಿವಾರದ ಸೀಡಿ ತೂರಿಸಿದ. ಅದು ತೆರೆಯಲೇ ಇಲ್ಲ.

"ಹಿಂದಿನ ಶನಿವಾರದ್ದು, ಅಲ್ಲಿಂದ ನಿನ್ನೆವರೆಗಿನ ಲಾಗ್ ಎಲ್ಲ ಬೇಕಿತ್ತು ಮಾರಾಯ್ರೆ. ಒಂದರ ಮೇಲೊಂದು ಹಾಕಿ ನಿನ್ನೆಗೆ ತಂದು ನಿಲ್ಲಿಸ್ತಿದ್ದೆ. ಎಸೆದ್ರಾ?"

ರೇಣುಕಪ್ಪನ ಮುಖ ಕಪ್ಪಿಟ್ಟಿತು. ಬಾಗಿಲಲ್ಲಿ ನಿಂತ ಕಮಲಕ್ಕ ಸೆರಗಿನ ತುದಿ ಹಿಡಿದು ಯೋಚಿಸಿದಳು. ಬಾಯಿ ಬಿಟ್ಟರೆ ಸುಳ್ಳು ಹೇಳಿದ್ದು ಗೊತ್ತಾಗುತ್ತದೆ, ಕೆಲಸ ಹೋಗುತ್ತದೆ. ಬಿಡದಿದ್ದರೆ ಮುನ್ನೂರು ಮನೆಯವರ ಮೂಟೆಗಳಲ್ಲಿ ಯಾವುದು ಯಾರದ್ದೆಂದು ಯಾರಿಗೂ ತಿಳಿಯುವುದಿಲ್ಲ.

"ಎಸೆದಿಲ್ಲ ಸಾರ್. ಮನೇಲಿ ಇಟ್ಟಿದ್ದೀನಿ. ನಿಮ್ಮ ಹತ್ರ ಸುಳ್ಳು ಹೇಳಿದ್ದೆ."

ಅವಳು ಮನೆಯಿಂದ ಡಬ್ಬಿಗಳನ್ನು ತಂದಳು, ಸಂಜೆಯೊಳಗೆ ಮೂಟೆಗಳ ಲೆಕ್ಕವೆಲ್ಲ ಕಂಪ್ಯೂಟರಿಗೆ ವಾಪಸು ಬಂತು. ಕೆಲಸದ ಮಾತನ್ನು ರೇಣುಕಪ್ಪ ಎತ್ತಲೇ ಇಲ್ಲ. ಹಳೇ ಚೀಟಿ ಹರಿದು, ಕಮಲಕ್ಕ ಹೇಳಿದಂತೆ ಹೊಸದು ಬರೆದರು: 'ಹೊಸ ಪೂರ್ತಿ ಪ್ರತಿಯನ್ನು ತೆರೆದು ನೋಡುವವರೆಗೆ ಹಿಂದಿನ ಪ್ರತಿಯನ್ನಾಗಲಿ, ಅದರ ನಂತರದ ಒಂದೇ ಒಂದು ಲಾಗನ್ನಾಗಲಿ ಎಸೆಯಬಾರದು.' ಕೆಳಗೆ 'ಕಮಲ' ಎಂದು ಬರೆದು ಪೆನ್ನು ನಿಲ್ಲಿಸಿದರು.

"ಹುದ್ದೆ ಎಂತ ಅಂತ ಹಾಕ್ಲಿ?"

"ನಿಮ್ಮ ಹೆಸರೇ ಹಾಕಿ ಸಾರ್. ಕಸ ಗುಡಿಸೋಳು ಹೇಳಿದ್ದು ಅಂದ್ರೆ ಯಾರೂ ಕೇಳೋದಿಲ್ಲ."

ರೇಣುಕಪ್ಪ ಅವಳ ಹೆಸರಿನ ಮೇಲೆ ಗೀಟೆಳೆದು ತಮ್ಮದು ಬರೆದರು. ಗೋಡೆಗೆ ಅಂಟಿಸಿದವಳು ಕಮಲಕ್ಕನೇ.